ಜ್ಯೂರಿಯಿಂದ ಎಬ್ಬಿಸಿದವರ ಬಾಗಿಲಿಗೆ ಬರುವ ಪ್ರೊಫೆಸರಮ್ಮ

ಇಬ್ಬನಿ ಆರುವ ತನಕ ಹತ್ತಿ ಬಿಡಿಸುವ ಯಂತ್ರಗಳು ಹೊಲಕ್ಕೆ ಇಳಿಯುವುದಿಲ್ಲ. ಅಕ್ಟೋಬರ್ ಕೊನೆಯ ಈ ನಸುಕಿನಲ್ಲಿ ಅಮೆರಿಕದ ಅಲಬಾಮಾ ರಾಜ್ಯದ ಕರಿಮಣ್ಣಿನ ಸೀಮೆಯ ಜನ ಇನ್ನೂ ಮನೆಯಲ್ಲೇ ಇದ್ದಾರೆ. ಅರ್ನೆಸ್ಟೀನ್ ಟಾಲಿವರ್ ಅವರಿಗೆ ಬೇಕಾದದ್ದೂ ಇದೇ ಹೊತ್ತು. ಕೆಸರು ಮೆತ್ತಿದ ಕಾರನ್ನು ದಾರಿಯಂಚಿಗೆ ನಿಲ್ಲಿಸಿ, ಕಡತವನ್ನು ಕಂಕುಳಲ್ಲಿ ಅವುಚಿಕೊಂಡು, ನಾಯಿ ಬೊಗಳಿ ಬೊಗಳಿ ಸುಮ್ಮನಾಗುವವರೆಗೆ ಗೇಟಿನ ಬಳಿ ಕಾಯುತ್ತಾರೆ. ವಯಸ್ಸು ಅರವತ್ತೇಳು, ಎಡ ಮೊಣಕಾಲಿಗೆ ಪಟ್ಟಿ.

ಅವರು ಕಾನೂನು ಕಾಲೇಜಿನ ಪ್ರಾಧ್ಯಾಪಕಿ. ನಾಗರಿಕ ಹಕ್ಕುಗಳ ಪಾಠ ಹೇಳಲು ಹಿಡಿದು ಮೂವತ್ತೊಂದು ವರ್ಷ. ವಾರಕ್ಕೆ ಮೂರು ದಿನ ತರಗತಿ, ಉಳಿದ ದಿನವೆಲ್ಲ ಮರಣದಂಡನೆಗೆ ಗುರಿಯಾದವರ ಮೊಕದ್ದಮೆ. ಹದಿನೇಳು ಜನರ ಪರ ನಿಂತಿದ್ದಾರೆ. ಹನ್ನೊಂದು ಜೀವ ಉಳಿದಿವೆ, ಐದು ಹೋಗಿವೆ. ಪತ್ರಿಕೆಯಲ್ಲಿ ಅವರ ಹೆಸರು ಬಂದದ್ದು ಒಮ್ಮೆ, ಅದೂ ತಪ್ಪು ಕಾಗುಣಿತದಲ್ಲಿ.

ಇನ್ನೂ ತೀರ್ಮಾನವಾಗದವನು ಒಬ್ಬ, ಕ್ಲಿಯಾನ್ ಗೇದರ್. ನವೆಂಬರ್ ಹತ್ತೊಂಬತ್ತಕ್ಕೆ ಅವನ ಸಾವಿನ ದಿನ ನಿಗದಿಯಾಗಿದೆ. ಇಪ್ಪತ್ನಾಲ್ಕು ವರ್ಷದ ಹಿಂದೆ ಅವನ ವಿಚಾರಣೆಯಲ್ಲಿ ಕೂತು ತೀರ್ಪು ಹೇಳುವ ಜ್ಯೂರಿಗೆ ಊರಿನ ಜನರನ್ನು ಆರಿಸುವಾಗ ಸರ್ಕಾರಿ ವಕೀಲ ಕಪ್ಪು ಜನರಲ್ಲಿ ಒಬ್ಬರನ್ನೂ ಉಳಿಸಲಿಲ್ಲ. ಏಳೂ ಜನರನ್ನು ಎಬ್ಬಿಸಿ ಮನೆಗೆ ಕಳಿಸಿದ. ಯಾರನ್ನು ಏಕೆ ಎಬ್ಬಿಸಿದನೆಂದು ಆತ ಬರೆದಿಟ್ಟ ಟಿಪ್ಪಣಿ ಹಾಳೆ ಟಾಲಿವರ್ ಕೈಗೆ ಸಿಕ್ಕಿದ್ದು ಹೋದ ತಿಂಗಳು. ಬಣ್ಣ ನೋಡಿ ಎಬ್ಬಿಸಿದ್ದು ರುಜುವಾದರೆ ಆ ತೀರ್ಪು ರದ್ದಾಗಬಹುದು. ಆ ಏಳು ಜನರ ಹೇಳಿಕೆ ಬರೆಸಿ ಶುಕ್ರವಾರದೊಳಗೆ ನ್ಯಾಯಾಲಯಕ್ಕೆ ಕೊಡಬೇಕು. ಒಬ್ಬರು ಸತ್ತಿದ್ದಾರೆ. ಮೂವರದು ಮುಗಿದಿದೆ. ಇವತ್ತು ಎಂಬತ್ತೊಂದರ ಲುವೀನಿಯಾ ಸೈಕ್ಸ್ ಅವರ ಸರದಿ.

ಲುವೀನಿಯಾ ಅವರ ಒಲೆಯ ಮೇಲೆ ಮೆಕ್ಕೆಜೋಳದ ನುಚ್ಚು ಕುದಿಯುತ್ತಿದೆ. “ಕೂತ್ಕೋ ಮಗಳೇ. ಪ್ರೊಫೆಸರು ಅಂತಾರೆ, ಮೈಮೇಲೆ ಹಿಡಿ ಮಾಂಸ ಇಲ್ಲ. ಆ ಕಾಲೇಜಲ್ಲಿ ಊಟ ಹಾಕಲ್ವಾ?”

“ಹಾಕ್ತಾರೆ ಮಿಸ್ ಲುವೀನಿಯಾ. ಉಪ್ಪಿರಲ್ಲ.”

ಮುದುಕಿ ನಕ್ಕು, ನಗು ಇಳಿದ ಮೇಲೆ ಕೇಳುತ್ತಾರೆ: “ಆ ಹುಡ್ಗ ಕೊಂದಿಲ್ಲ ಅಂತೀಯಾ?”

“ಕೊಂದಿದಾನೆ.”

“ಮತ್ಯಾಕೆ ನನ್ನ ಹತ್ರ ಬಂದೆ? ಅವತ್ತು ನಾನು ಕೂತಿದ್ರೂ ಸಾವೇ ಬರೀತಿದ್ನೋ ಏನೋ.”

“ಬರೀತಿದ್ರೋ ಇಲ್ವೋ, ಕೂತು ಹೇಳೋ ಹಕ್ಕು ನಿಮ್ದಿತ್ತು. ಎಬ್ಬಿಸಿ ಕಳಿಸಿದ್ರಲ್ಲ, ಅದಕ್ಕೆ ಬಂದೆ.”

ಟಾಲಿವರ್ ಹಾಳೆಯನ್ನು ಮುಂದಿಡುತ್ತಾರೆ. ಲುವೀನಿಯಾ ಹೆಸರಿನ ಮುಂದೆ ಪೆನ್ಸಿಲ್ಲಿನಲ್ಲಿ ಬರೆದಿದೆ: ‘ನೆಲ ನೋಡುತ್ತಾಳೆ. ಏನೋ ಮುಚ್ಚಿಡುತ್ತಿದ್ದಾಳೆ.’ ಮುದುಕಿ ಕನ್ನಡಕ ಏರಿಸಿ ಎರಡು ಸಲ ಓದುತ್ತಾರೆ.

“ನಂಗೆ ಓದು ಕಮ್ಮಿ ಅಂತ ಕಳಿಸಿದ್ರು ಅಂದ್ಕೊಂಡಿದ್ದೆ. ಚರ್ಚಲ್ಲೂ ಹಂಗೇ ಹೇಳ್ದೆ. ಇಪ್ಪತ್ನಾಲ್ಕು ವರ್ಷ!” ಸೌಟು ಪಾತ್ರೆಯಂಚಿಗೆ ಬಡಿಯುತ್ತದೆ. “ಬಿಳಿಯರ ಕಣ್ಣಿಗೆ ಕಣ್ಣು ಕೊಟ್ರೆ ನಮ್ಮಪ್ಪ ಬೆತ್ತ ತಗೋತಿದ್ದ. ಸಿಟ್ಟಿಗಲ್ಲ ಕಣೇ, ನಾನು ಬದುಕ್ಲಿ ಅಂತ. ಈ ವಕೀಲನ ಅಜ್ಜನ ಹೊಲದಲ್ಲೇ ಹತ್ತಿ ಬಿಡಿಸ್ದೋಳು ನಾನು. ನೆಲ ನೋಡೋದು ಕಲಿಸ್ದೋರೇ ಅವ್ರು!”

ಟಾಲಿವರ್ ಒಂದು ಮಾತನ್ನೂ ತಿದ್ದದೆ ಬರೆದುಕೊಳ್ಳುತ್ತಾರೆ. ವಿದ್ಯಾರ್ಥಿಗಳಿಗೂ ಅವರು ಹೇಳುವುದು ಇದನ್ನೇ: ಸಾಕ್ಷಿಯ ಬಾಯಿಗೆ ನಿಮ್ಮ ವ್ಯಾಕರಣ ತುರುಕಬೇಡಿ. ಓದಿಸಿ ಕೇಳಿದ ಮೇಲೆ ಲುವೀನಿಯಾ ಪೆನ್ನು ಎತ್ತಿಕೊಳ್ಳುತ್ತಾರೆ, ಆದರೆ ಸಹಿ ಹಾಕುವುದಿಲ್ಲ.

“ಅವನಿಗೆ ಸಾವು ಕೊಡಬಾರ್ದು ಅಂತ ನಾನು ಹೇಳ್ತಿಲ್ಲ, ತಿಳೀತಾ?”

“ತಿಳೀತು.”

“ಅದನ್ನೂ ಬರಿ.”

ಬದುಕಿಡೀ ಮರಣದಂಡನೆಯ ವಿರುದ್ಧ ಹೋರಾಡಿದ ಕೈ ಅದನ್ನೂ ಬರೆಯುತ್ತದೆ. ಸಹಿ ಬೀಳುತ್ತದೆ.

ಪಟ್ಟಿಯಲ್ಲಿ ಇನ್ನಿಬ್ಬರಿದ್ದಾರೆ. ಮೊಣಕಾಲು ಹಿಡಿದುಕೊಂಡು ಮೆಟ್ಟಿಲಿಳಿಯುವವರನ್ನು ಲುವೀನಿಯಾ ಜಗಲಿಯಿಂದಲೇ ಛೇಡಿಸುತ್ತಾರೆ: “ಈ ಕಾಲಿಟ್ಕೊಂಡು ಇನ್ನೆಷ್ಟು ದಿನ ಅಲೀತೀಯೇ?”

ಟಾಲಿವರ್ ನಿಂತು ತಿರುಗುತ್ತಾರೆ. “ಮೊದಲ್ನೇ ಮೊಕದ್ದಮೆ ಸೋತಾಗ ಆ ಹುಡುಗನ ತಾಯಿ ಜೈಲಿನ ಬಾಗ್ಲಲ್ಲಿ ಕೇಳಿದ್ರು, ಸಾಕ್ಷಿ ಹೇಳೋರು ಎಲ್ಲರ ಮನೆಗೂ ಹೋಗಿದ್ಯೇನಮ್ಮಾ ಅಂತ. ಹೂಂ ಅನ್ನೋಕೆ ಆಗ್ಲಿಲ್ಲ. ಅವ್ರು ತೀರಿಕೊಂಡ್ರು, ಆ ಸಾಲ ತೀರ್ಲಿಲ್ಲ. ಕ್ಲಿಯಾನ್ ತಾಯಿ ಇನ್ನೂ ಇದಾರೆ ಮಿಸ್ ಲುವೀನಿಯಾ. ಅವ್ರು ಕೇಳಿದ್ರೆ ಹೂಂ ಅನ್ನಬೇಕು. ಅಷ್ಟೇ.”