ಬೀರುವಿನೊಳಗಿನ ಬೇಸ್

ಆಗೆಲ್ಲ ರಾಜಾಜಿನಗರದ ನಮ್ಮ ವಠಾರದಲ್ಲಿ ಯಾವ ಮನೆಯ ಸದ್ದೂ ಆ ಮನೆಯದ್ದಷ್ಟೇ ಆಗಿರುತ್ತಿರಲಿಲ್ಲ. ಪಕ್ಕದ ಮನೆಯಲ್ಲಿ ಒಣಮೆಣಸಿನಕಾಯಿ ಒಗ್ಗರಣೆಗೆ ಬಿದ್ದರೆ ನಾವು ಕೆಮ್ಮುತ್ತಿದ್ದೆವು; ನಮ್ಮ ರೇಡಿಯೋದಲ್ಲಿ ವಾರ್ತೆ ಶುರುವಾದರೆ ಕೊನೆಯ ಮನೆಯವರು ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದರು. ಎಂಬತ್ತರ ದಶಕದ ನಡುವಿನ ವರ್ಷಗಳು ಅವು. ಅಂಥ ವಠಾರದಲ್ಲಿ ಏನೂ ಕೇಳಿಸದೆ ಇದ್ದವಳು ನಮ್ಮ ಅಜ್ಜಿ ಒಬ್ಬಳೇ.

ಅಜ್ಜಿ ಅಮ್ಮನ ತಾಯಿ. ಅವಳ ಕಿವಿ ನಿಧಾನವಾಗಿ ಹೋಗಿತ್ತು. ಮೊದಲು ಹಕ್ಕಿಗಳ ಕೂಗು, ಆಮೇಲೆ ಕುಕ್ಕರಿನ ಸೀಟಿ, ಕೊನೆಗೆ ನಮ್ಮ ಮಾತು. ಹೋದದ್ದರ ಬಗ್ಗೆ ಅವಳು ಗೊಣಗಿದ್ದು ನನಗೆ ನೆನಪಿಲ್ಲ. ನಡುಮನೆಯ ಮರದ ಬೀರುವಿಗೆ ಬೆನ್ನು ಕೊಟ್ಟು ಕೂತು ಬತ್ತಿ ಹೊಸೆಯುತ್ತಿದ್ದಳು. ಆ ಬೀರು ಅವಳ ಮದುವೆಯದ್ದು. ಹಲಸಿನ ಮರದ್ದು, ಬಾಗಿಲು ತೆರೆದರೆ ನುಸಿಗುಳಿಗೆ ಮತ್ತು ಹಳೆಯ ರೇಷ್ಮೆಯ ವಾಸನೆ.

ನಮ್ಮ ಜೊತೆಯಲ್ಲೇ ಇದ್ದ ಶ್ರೀಧರ ಮಾಮ ಅಜ್ಜಿಯ ಕೊನೆಯ ಮಗ. ಹಗಲು ಕಾರ್ಖಾನೆ, ಸಂಜೆ ಬೇಸ್ ಗಿಟಾರ್. ಬಡಾವಣೆಯ ಒಂದು ಆರ್ಕೆಸ್ಟ್ರಾದಲ್ಲಿ ಬಾರಿಸುತ್ತಿದ್ದ. ಅವನ ಬೇಸ್ ಯಾರೋ ಬಡಗಿ ಅಂದಾಜಿನ ಮೇಲೆ ಮಾಡಿದ್ದು. ಹಗುರ, ಹಳದಿ ಬಣ್ಣ, ಒಳಗೆ ಪೊಳ್ಳು. ಆಂಪ್ಲಿಫೈಯರ್ ಇರಲಿಲ್ಲ. ಕಾರ್ಯಕ್ರಮದ ದಿನ ಯಾರದ್ದಾದರೂ ಎರವಲು ತರುತ್ತಿದ್ದ. ಮನೆಯಲ್ಲಿ ಅಭ್ಯಾಸ ಮಾಡುವಾಗ ಬೇಸಿನ ಮೈಯಿಂದ ಮೇಲಕ್ಕೆ ಚಾಚಿದ ಕೊಂಬನ್ನು ಬೀರುವಿನ ಬಾಗಿಲಿಗೆ ಒತ್ತಿ ಹಿಡಿಯುತ್ತಿದ್ದ. ಅಷ್ಟು ಮಾಡಿದರೆ ಸಾಕು, ತಂತಿಯ ಸದ್ದು ಮರಕ್ಕೆ ಇಳಿದು ಇಡೀ ಬೀರು ಮಾತಾಡುತ್ತಿತ್ತು.

ಹಾಗೆ ಅದು ಅಜ್ಜಿಯ ಬೆನ್ನಿಗೆ ತಲುಪಿತು. ಮೊದಲ ಸಲ ಯಾವಾಗ ಎಂದು ಯಾರೂ ಗಮನಿಸಲಿಲ್ಲ. ಒಂದು ದಿನ ನೋಡಿದರೆ ಅವಳ ಬೆರಳು ಬತ್ತಿಯ ಮೇಲೆ ತಾಳ ಹಾಕುತ್ತಿತ್ತು. 'ಅಮ್ಮನಿಗೆ ದಪ್ಪ ಸ್ವರ ಕೇಳಿಸುತ್ತೆ' ಎಂದು ಮನೆಯವರೆಲ್ಲ ಮಾತಾಡಿಕೊಂಡರು. ಕಿವಿಯ ಡಾಕ್ಟರಿಗೂ ಹಾಗೆಯೇ ಹೇಳಿದರು. ಲೋಕದ ಸದ್ದುಗಳಲ್ಲಿ ಅವಳಿಗೆ ಉಳಿದಿದ್ದದ್ದು ಅದೊಂದೇ.

ನನಗೂ ಅಜ್ಜಿಗೂ ಒಂದು ಆಟವಿತ್ತು. ಬೀರುವಿಗೆ ಒರಗಿ ಕಣ್ಣು ಮುಚ್ಚಿ, ಮಾಮ ಯಾವ ತಂತಿ ಮೀಟಿದ ಎಂದು ಬೆರಳೆತ್ತಿ ಹೇಳಬೇಕು. ದಪ್ಪ ತಂತಿ ಸೊಂಟದ ಹತ್ತಿರ ಬರುತ್ತಿತ್ತು, ತೆಳ್ಳಗಿನದು ಭುಜದ ನಡುವೆ. ಗೆಲ್ಲುತ್ತಿದ್ದವಳು ಅಜ್ಜಿ. ಸೋತಾಗ ನನ್ನ ಬೆನ್ನು ತಟ್ಟಿ, "ಇಲ್ಲಿ ಕೇಳು ಕಣೇ, ಇಲ್ಲಿ" ಅನ್ನುತ್ತಿದ್ದಳು.

ಬೇಸಿನ ತಂತಿ ದುಬಾರಿಯಾದ್ದರಿಂದ ಮಾಮ ಹೊಸದು ಕೊಳ್ಳುತ್ತಿರಲಿಲ್ಲ. ತಂತಿಯ ದನಿ ಮಂಕಾದಾಗ ಅವನ್ನು ಬಿಚ್ಚಿ, ಸುರುಳಿ ಸುತ್ತಿ, ಅದಕ್ಕೆಂದೇ ಇಟ್ಟಿದ್ದ ಅಲ್ಯುಮಿನಿಯಂ ಪಾತ್ರೆಯಲ್ಲಿ ಬೇಯಿಸುತ್ತಿದ್ದ. ಬೆರಳಿನ ಜಿಡ್ಡೆಲ್ಲ ನೀರಿಗೆ ಬಿಟ್ಟು ತಂತಿ ಮತ್ತೆ ಗಂಟೆಯಂತೆ ನುಡಿಯುತ್ತಿತ್ತು. ಭಾನುವಾರ ಸ್ಟೌ ಮೇಲೆ ಆ ಪಾತ್ರೆ ಕಂಡರೆ ಅಮ್ಮ ಅನ್ನುತ್ತಿದ್ದಳು, "ಇವತ್ತು ತಂತಿ ಸಾರು. ಮುದ್ದೆ ಮಾಡ್ಲೋ, ಅನ್ನ ಮಾಡ್ಲೋ?"

ಆ ವರ್ಷ ಶ್ರಾವಣದಲ್ಲಿ ಆರ್ಕೆಸ್ಟ್ರಾದ ಯಜಮಾನ ಗಿರಿಯಣ್ಣ ಮನೆಗೆ ಬಂದ. ಕಾಫಿ ಲೋಟ ಕೈಯಲ್ಲಿ ಹಿಡಿದುಕೊಂಡೇ ವಿಷಯಕ್ಕೆ ಬಂದ.

"ಗಣೇಶನ ಹಬ್ಬಕ್ಕೆ ದೊಡ್ಡ ಸ್ಟೇಜ್ ಸಿಕ್ಕಿದೆ ಶ್ರೀಧರ. ಆದ್ರೆ ನಿನ್ನ ಹಳದಿ ಡಬ್ಬ ಇಟ್ಕೊಂಡು ಆಗಲ್ಲ ಗುರು. ಹಿಂದಿನ ಸಾಲಿಗೆ ಅದು ಕೇಳ್ಸೋದೇ ಇಲ್ಲ."

"ಆಂಪ್ ತರ್ತೀನಲ್ಲ ಗಿರಿಯಣ್ಣ."

"ಎರವಲು ಆಂಪು, ಎರವಲು ಮಾನ. ಸ್ವಂತದ್ದು ಮಾಡ್ಕೋ. ಇಲ್ಲಾಂದ್ರೆ ಸ್ವಂತದ್ದು ಇರೋನನ್ನ ಕರ್ಕೋತೀನಿ. ಬೇಜಾರ್ ಮಾಡ್ಕೋಬೇಡ."

ಮಾಮ ಬೇಜಾರು ತೋರಿಸಲಿಲ್ಲ. ಅವತ್ತಿನಿಂದ ನಮ್ಮ ಮನೆಯಲ್ಲಿ ಬೇಸ್ ಮತ್ತು ಆಂಪಿನದೇ ಮಾತು. ಹೊಸದರ ಆಸೆ ಇರಲಿಲ್ಲ. ಬಾರಿಸುವುದು ಬಿಟ್ಟವರ ಹಳೆಯದು ಬೇಕಿತ್ತು. ಮಾಮನಿಗೆ ಅವನದೇ ಲೆಕ್ಕವಿತ್ತು: ಸಾಧಾರಣ ಬೇಸ್‌ಗೆ ಒಳ್ಳೆಯ ಆಂಪ್ ಸಿಕ್ಕರೆ ಬದುಕಿತು, ಒಳ್ಳೆಯ ಬೇಸ್‌ಗೆ ಕೆಟ್ಟ ಆಂಪ್ ಸಿಕ್ಕರೆ ಎರಡೂ ಸತ್ತವು. "ಬಣ್ಣ ನೋಡ್ಬಾರ್ದು ಪುಟ್ಟಿ. ಕತ್ತು ನೋಡ್ಬೇಕು. ಕತ್ತು ನೆಟ್ಟಗಿದ್ರೆ ಮಿಕ್ಕಿದ್ದೆಲ್ಲ ಸರಿ ಮಾಡ್ಬೋದು" ಅನ್ನುತ್ತಿದ್ದ. ಅಮ್ಮ ಒಳಗಿನಿಂದ, "ಹೆಣ್ಣು ನೋಡೋಕೆ ಹೋದಾಗ ಇಷ್ಟು ಶ್ರದ್ಧೆ ಇದ್ದಿದ್ರೆ ಇಷ್ಟೊತ್ತಿಗೆ ಮಗು ಸ್ಕೂಲಿಗೆ ಹೋಗ್ತಿತ್ತು" ಅಂದಳು.

ವಿಜಯನಗರದಲ್ಲಿ ಒಬ್ಬರು ಬೇಸ್ ಮಾರುತ್ತಾರೆಂದು ಗೊತ್ತಾದಾಗ ಮಾಮ ನನ್ನನ್ನೂ ಕರೆದುಕೊಂಡು ಹೋದ. ಗಿರಿಯಣ್ಣ ನೇರವಾಗಿ ಅಲ್ಲಿಗೇ ಬಂದಿದ್ದ. ಮಾರುವವರು ಹೊಸದಾಗಿ ಮದುವೆಯಾದವರು. "ಮನೇಲಿ ಡ್ರೆಸ್ಸಿಂಗ್ ಟೇಬಲ್ ಬಂತು ಸಾರ್. ಇದಕ್ಕೆ ಜಾಗ ಇಲ್ಲ" ಎಂದು ನಾಚಿಕೊಂಡರು. ಅವರ ಹತ್ತಿರ ಎರಡು ಬೇಸ್, ಒಂದು ಕಪ್ಪು ಆಂಪ್ ಇದ್ದವು. ಮಾಮನ ಹಳದಿಯನ್ನೂ ಕೊಟ್ಟರೆ ಒಂದು ಬೇಸ್ ಮತ್ತು ಆಂಪ್ ಅವನ ಕೈಗೆ ಎಟುಕುವಂತಿತ್ತು.

ಮಾಮ ಮೊದಲು ಆಂಪ್ ಮುಟ್ಟಲಿಲ್ಲ. ಒಂದೊಂದನ್ನೇ ಎತ್ತಿ, ಕಣ್ಣು ಕಿರಿದು ಮಾಡಿ ಕತ್ತಿನ ನೇರ ನೋಡಿ, ಆಮೇಲೆ ಅವರ ಕೋಣೆಯ ಬಾಗಿಲಿಗೆ ಒತ್ತಿ ಬಾರಿಸಿದ. ಕೆಂಪು ಬೇಸ್‌ಗೆ ಬಾಗಿಲು ಝುಮ್ಮೆಂದಿತು. ನನ್ನ ಅಂಗೈ ಬಾಗಿಲ ಮೇಲಿತ್ತು, ಅದಕ್ಕೇ ಗೊತ್ತು. ಕಂದು ಬಣ್ಣದ್ದು ಕಲ್ಲಿನಷ್ಟು ಭಾರ. ಬಾಗಿಲು ಅಲುಗಲೇ ಇಲ್ಲ. ಆದರೆ ಎರಡನ್ನೂ ಆಂಪಿಗೆ ಹಾಕಿದಾಗ ಎಲ್ಲ ತಿರುಗಾಮುರುಗಾ ಆಯಿತು. ಕೆಂಪು ಗೊಗ್ಗರು ಗೊಗ್ಗರು ಅಂದಿತು. ಕಂದು ಬೇಸಿನ ಸ್ವರ ದುಂಡಗೆ, ಸ್ಪಷ್ಟವಾಗಿ ಬಂದು ನೆಲದ ಮೇಲೆ ಕೂತಿತು.

ಮಾಮ ಮತ್ತೆ ಕೆಂಪನ್ನು ತೆಗೆದುಕೊಂಡು ಬಾಗಿಲಿಗೆ ಹಿಡಿದ.

"ಸ್ಟೇಜ್ ಮೇಲೆ ಬಾಗ್ಲು ಇರಲ್ಲ ಕಣೋ" ಅಂದ ಗಿರಿಯಣ್ಣ.

ಮಾಮ ತಾನು ತಂದಿದ್ದ ಹಳದಿ ಬೇಸನ್ನು ಗೋಡೆಗೆ ಒರಗಿಸಿಟ್ಟು, ಅದರ ತಂತಿಗಳ ಮೇಲೆ ಒಮ್ಮೆ ಕೈಯಾಡಿಸಿ, ಕಂದು ಬೇಸನ್ನು ಹೆಗಲಿಗೆ ಹಾಕಿಕೊಂಡ. ಬಸ್ಸಿನಲ್ಲಿ ಆಂಪ್ ನಮ್ಮ ಕಾಲ ನಡುವೆ ಕೂತಿತ್ತು. ಕಂಡಕ್ಟರ್ ಅದನ್ನು ಕಾಲಿನಿಂದ ಮೆಲ್ಲಗೆ ಸರಿಸಲು ನೋಡಿ ಸೋತು, "ಇದಕ್ಕೂ ಒಂದು ಟಿಕೆಟ್ ತಗೋ ಗುರು. ಪಾಪುಗಿಂತ ಜಾಸ್ತಿ ಜಾಗ ಹಿಡಿದೈತೆ" ಅಂದ.

ಆ ಸಂಜೆ ಮನೆಯಲ್ಲಿ ಹಬ್ಬದ ಕಳೆ. ಅಮ್ಮ ಆಂಪಿಗೆ ಅರಿಶಿನ ಕುಂಕುಮ ಹಚ್ಚಿದಳು. ಮಾಮ ಅದನ್ನು ಕುರ್ಚಿಯ ಮೇಲಿಟ್ಟು, ಸ್ವಿಚ್ ಹಾಕಿ, ನಡುಮನೆಯ ಮಧ್ಯೆ ನಿಂತು ಬಾರಿಸಿದ. ನನಗೆ ರೋಮಾಂಚನವಾಯಿತು. ಅಷ್ಟು ಒಳ್ಳೆಯ ಸದ್ದು ನಮ್ಮ ಮನೆಯಲ್ಲಿ ಅದುವರೆಗೆ ಹುಟ್ಟಿರಲಿಲ್ಲ. ಅಜ್ಜಿ ಬೀರುವಿಗೆ ಒರಗಿ ಕೂತು ಮಗನನ್ನೇ ನೋಡುತ್ತಿದ್ದಳು. ಒಂದು ಹಾಡಿನಷ್ಟು ಹೊತ್ತು ಕಾದು ಕೇಳಿದಳು:

"ಯಾಕೋ ಶ್ರೀಧರ, ಬಾರಿಸೋಲ್ವೇನೋ?"

ಮಾಮ ನಕ್ಕು ಸದ್ದು ಜಾಸ್ತಿ ಮಾಡಿದ. ಅಜ್ಜಿ ಬೀರುವಿಗೆ ಇನ್ನಷ್ಟು ಒತ್ತಿಕೊಂಡಳು. ಮಾಮ ಮತ್ತೂ ಜಾಸ್ತಿ ಮಾಡಿದ. ಗೂಡಿನಲ್ಲಿದ್ದ ಲೋಟಗಳು ಗಲಗಲ ಅಂದವು. ಪಕ್ಕದ ಮನೆಯ ಸಾವಿತ್ರಮ್ಮ ಬಾಗಿಲಲ್ಲಿ ನಿಂತು, "ಶ್ರೀಧರ, ನಮ್ಮ ಮೊಸರು ಕಡೆಯದೇ ಮಜ್ಜಿಗೆ ಆಗ್ತಾ ಇದೆ ಕಣಪ್ಪ. ಸ್ವಲ್ಪ ಸಣ್ಣದು ಮಾಡ್ತೀಯಾ?" ಅಂದರು. ಅಜ್ಜಿ ಎಲ್ಲರ ಮುಖ ನೋಡಿ, ಏನೋ ತನಗೆ ಮಾತ್ರ ತಪ್ಪಿಹೋಯಿತೆಂದು ತಿಳಿದು, ಬತ್ತಿ ಬುಟ್ಟಿ ಎತ್ತಿಕೊಂಡು ಅಡುಗೆಮನೆಗೆ ಹೋದಳು.

"ಇದ್ದದ್ದೂ ಹೋಯ್ತು ಅಮ್ಮನಿಗೆ" ಅಂದಳು ನನ್ನ ಅಮ್ಮ. ಮಾಮ ಸ್ವಿಚ್ ಆರಿಸಿದ.

ಅವಳಿಗೆ ಕಿವಿ ಇನ್ನಷ್ಟು ಮುಚ್ಚಿತೆಂದು ಎಲ್ಲರೂ ನಂಬಿದ್ದರು. ಬೀರುವಿಗೆ ಒರಗಿ ಕೂತಿರುತ್ತಿದ್ದವರು ಅಜ್ಜಿ, ನಾನು ಇಬ್ಬರೇ ಆದ್ದರಿಂದ, ಅವಳು ಕೇಳುತ್ತಿದ್ದದ್ದು ಕಿವಿಯಿಂದಲ್ಲ, ಬೆನ್ನಿನಿಂದ ಎಂದು ನಮಗಿಬ್ಬರಿಗೇ ಗೊತ್ತಿತ್ತು. ಮಾತು ಕಡಿಮೆಯ ಹುಡುಗಿ ನಾನು. ಮಾಮನ ಅಂಗಿ ಜಗ್ಗಿ, "ಬೀರುಗೆ ಹಿಡೀರಿ ಮಾಮ" ಎಂದಷ್ಟೇ ಹೇಳಿದೆ.

ಅಜ್ಜಿಯನ್ನು ವಾಪಸು ಕರೆತಂದು ಕೂರಿಸಿದೆವು. ಮಾಮ ಕಂದು ಬೇಸನ್ನು ಬೀರುವಿಗೆ ಒತ್ತಿ ಬಾರಿಸಿದ. ಅಜ್ಜಿ ಕಣ್ಣು ಮುಚ್ಚಿ ಹುಡುಕಿದಳು. "ಬಾರಿಸ್ತಿದ್ದೀಯ. ಬಹಳ ದೂರ ನಿಂತ್ಕೊಂಡು ಬಾರಿಸ್ತಿದ್ದೀಯ" ಅಂದಳು. ಅವಳ ಮಗ ಅವಳಿಂದ ಒಂದು ಗೇಣು ದೂರದಲ್ಲಿದ್ದ.

ಮಾರನೆಯ ದಿನ ಮಾಮ ವಿಜಯನಗರಕ್ಕೆ ಹೋಗಿ ಬಂದ. ಹಳದಿ ಬೇಸ್ ಆಗಲೇ ಬೇರೆ ಯಾರ ಕೈಗೋ ಹೋಗಿತ್ತು. ಆಮೇಲಿನ ದಿನಗಳಲ್ಲಿ ಅವನು ಸದ್ದು ಸಣ್ಣದು ಮಾಡಿಕೊಂಡು ಅಭ್ಯಾಸ ಮಾಡಿದ. ಅಜ್ಜಿ 'ಬಾರಿಸೋಲ್ವೇನೋ' ಎಂದು ಕೇಳುವುದನ್ನೂ ಬಿಟ್ಟಳು. ಅವಳು ಮತ್ತೆ ಬರೀ ಬತ್ತಿ ಹೊಸೆಯುವವಳಾದಳು. ಬತ್ತಿಯ ಮೇಲಿನ ಬೆರಳು ತಾಳ ಹಾಕುತ್ತಿರಲಿಲ್ಲ. ಹಬ್ಬ ಹತ್ತಿರ ಬಂತು. ಸಾವಿತ್ರಮ್ಮ ಎರಡನೆಯ ಸಲ ಬಾಗಿಲಿಗೆ ಬಂದು ಹೋದ ಸಂಜೆ ಅಮ್ಮನಿಗೆ ರೇಗಿಹೋಯಿತು.

"ಅದನ್ನ ತಗೊಂಡ್ಹೋಗಿ ಬೀರುನಲ್ಲಿಟ್ಟು ಬೀಗ ಹಾಕು. ವಠಾರಕ್ಕೂ ನೆಮ್ಮದಿ, ನನಗೂ ನೆಮ್ಮದಿ."

ಮಾಮ ಬೀರುವಿನ ಕೆಳಗಿನ ಅರೆಯಿಂದ ಅಜ್ಜಿಯ ಸೀರೆಗಳನ್ನು ಒಂದೊಂದಾಗಿ ತೆಗೆದು ಹಾಸಿಗೆಯ ಮೇಲಿಟ್ಟ. ಆಂಪನ್ನು ಆ ಗೂಡಿನೊಳಗೆ, ಬೀರುವಿನ ಹಿಂಬದಿಯ ಹಲಗೆಗೆ ತಾಗಿಸಿ ಕೂರಿಸಿದ. ವೈರನ್ನು ಬಾಗಿಲ ಸಂದಿನಿಂದ ಎಳೆದು, ಬಾಗಿಲು ಮುಚ್ಚಿದ.

"ತಮಾಷೆಗೆ ಹೇಳ್ದೆ ಕಣೋ" ಅಂದಳು ಅಮ್ಮ.

ಅವನು ಎಲ್ಲಕ್ಕಿಂತ ದಪ್ಪ ತಂತಿಯನ್ನು ಮೀಟಿದ. ವಠಾರಕ್ಕೆ ಅದು ಮೆತ್ತಗೆ, ದಿಂಬಿನ ಅಡಿಯ ಮಾತಿನಂತೆ ಕೇಳಿಸಿರಬೇಕು. ಬೀರುವಿಗೆ ಒರಗಿದ್ದ ನನ್ನ ಬೆನ್ನಿನಿಂದ ಅದು ಹಲ್ಲಿನವರೆಗೆ ಹರಿಯಿತು. ಪಕ್ಕದಲ್ಲಿ ಅಜ್ಜಿಯ ಕೈಯಿಂದ ಬತ್ತಿ ಜಾರಿತು. ಅವಳು ಒಂದು ಬೆರಳೆತ್ತಿದಳು, ದಪ್ಪ ತಂತಿ ಎಂದು. ಮಾಮ ಮುಂದಿನದು ಮೀಟಿದ, ಎರಡು ಬೆರಳು. ಮೂರು. ಅವನ ಕಣ್ಣು ಒದ್ದೆಯಾಗಿತ್ತು, ಅಜ್ಜಿಗೆ ಆಟದ ಮೇಲೆಯೇ ಗಮನ.

"ಈಗ ಹತ್ರ ಬಂದೆ ನೋಡು" ಅಂದಳು.

ಹಬ್ಬದ ತನಕ ಆಂಪ್ ಬೀರುವಿನಲ್ಲೇ ಇತ್ತು. ಸ್ಟೇಜಿನ ದಿನ ಹೊರತೆಗೆದಾಗ ಅದಕ್ಕೆ ನುಸಿಗುಳಿಗೆ ವಾಸನೆ ಹತ್ತಿತ್ತು. "ಏನ್ ಗುರು, ನಿನ್ನ ಆಂಪ್ ಮದುವೆ ಮನೆ ಸೀರೆ ಥರ ಘಮಘಮ ಅಂತಿದೆ" ಎಂದು ಗಿರಿಯಣ್ಣ ಎಲ್ಲರೆದುರು ನಗಾಡಿದ. ಆದರೆ ಬೇಸ್ ಹಿಂದಿನ ಸಾಲಿನವರೆಗೂ ಹೋಯಿತು. ಮಾಮನ ಜಾಗ ಉಳಿಯಿತು. ಕಬ್ಬಿಣದ ಮಡಿಚುವ ಕುರ್ಚಿಯಲ್ಲಿ ಮೊದಲ ಸಾಲಿನಲ್ಲಿ ಕೂತಿದ್ದ ಅಜ್ಜಿ, ಕಡುಬು ತಿನ್ನಲು ಮನೆಗೆ ಬಂದ ಮೇಲೆ ತೀರ್ಪು ಕೊಟ್ಟಳು: "ಮನೇಲೇ ಚೆನ್ನಾಗಿ ಬಾರಿಸ್ತಾನೆ."

ಅಜ್ಜಿ ಆ ದಶಕ ಮುಗಿಯುವ ಮೊದಲೇ ತೀರಿಕೊಂಡಳು. ಬೇಸಿನ ಕೆಲಸವನ್ನು ಕೀಬೋರ್ಡಿನವನ ಎಡಗೈಯೇ ಮಾಡತೊಡಗಿದ ಮೇಲೆ ಆರ್ಕೆಸ್ಟ್ರಾಗಳಿಗೆ ಮಾಮನಂಥವರು ಬೇಡವಾದರು. ಅವನು ಕೆಂಗೇರಿ ಉಪನಗರದಲ್ಲಿ ಮನೆ ಮಾಡಿದ. ನಾವು ಚಂದ್ರಾ ಲೇಔಟಿಗೆ ಬಂದಾಗ ಬೀರು ಹೊಸ ಮನೆಯ ಬಾಗಿಲಲ್ಲಿ ಹಿಡಿಸಲಿಲ್ಲ. ಬಿಚ್ಚಿದರು, ಹಲಗೆಗಳು ಅಡುಗೆಮನೆಯ ಅಟ್ಟವಾದವು. ಈಗ ಅವುಗಳ ಮೇಲೆ ಬಣ್ಣ ಬಳಿದಿದೆ, ಹಬ್ಬದ ಪಾತ್ರೆಗಳಿವೆ.

ಹೋದ ತಿಂಗಳು ಮಾಮ ಕಂದು ಬೇಸನ್ನು ನನಗೆ ಕೊಟ್ಟ. "ಆಂಪ್ ಸತ್ತು ಎಷ್ಟೋ ಕಾಲ ಆಯ್ತು. ಹೊಸದು ತಗೋ, ಈಗ ಅಗ್ಗಕ್ಕೆ ಒಳ್ಳೇದೇ ಸಿಗುತ್ತೆ. ಕತ್ತು ಮಾತ್ರ ಇನ್ನೂ ನೆಟ್ಟಗಿದೆ ನೋಡು" ಅಂದ. ತಂತಿ ಬಿಚ್ಚಿ ಬೇಯಿಸಿ ಮತ್ತೆ ಕಟ್ಟಿದೆ. ಆಂಪ್ ಕೊಳ್ಳುವ ಮೊದಲು ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, ಬೇಸನ್ನು ಮನೆಯ ಒಂದೊಂದು ವಸ್ತುವಿಗೂ ಒತ್ತಿ ಹಿಡಿದು ಬಾರಿಸಿ ನೋಡಿದೆ. ಕಬ್ಬಿಣದ ಬೀರು ಬೀಗದ ಕೈಗಳನ್ನು ಕುಲುಕಿತು. ಕೋಣೆಯ ಬಾಗಿಲು ರಟ್ಟಿನ ಹಾಗೆ ಬಡಬಡ ಅಂದಿತು. ಗೋಡೆ ಸುಮ್ಮನಿತ್ತು.

ಕೊನೆಗೆ ಬೇಸಿನ ಕೊಂಬನ್ನು ದವಡೆಯ ಮೂಳೆಗೆ ಒತ್ತಿಕೊಂಡು, ಕಣ್ಣು ಮುಚ್ಚಿ, ದಪ್ಪ ತಂತಿ ಮೀಟಿದೆ. ಬಂತು. ಹಲ್ಲಿನ ಮೂಲಕ, ಕುತ್ತಿಗೆಯ ಮೂಲಕ, ಅದೇ ದುಂಡು ಸ್ವರ. ಅಭ್ಯಾಸಬಲದಿಂದ ಒಂದು ಬೆರಳೆತ್ತಿದೆ. ಎಷ್ಟು ಹತ್ತಿರದಲ್ಲಿ ಕೇಳಿಸಿತೆಂದರೆ, ನನಗೊಬ್ಬಳಿಗೇ ಕೇಳಿಸಿತು.