ಬೆಂದ ಹುಳಕ್ಕೆ ಗಿರಾಕಿ ಹುಡುಕಿಸಿದ ಚಾಚಿ

ಚಾಚಿಯ ಬೆರಳ ತುದಿಗಳು ಯಾವಾಗಲೂ ಹಿತಕಿದ ಅವರೆಬೇಳೆಯ ಹಾಗೆ ಬೆಳ್ಳಗೆ ಊದಿಕೊಂಡಿರುತ್ತಿದ್ದವು. ಮುಳಬಾಗಿಲಿನ ಗಲ್ಲಿಯೊಂದರಲ್ಲಿ ಅವರದು ರೇಷ್ಮೆ ನೂಲು ತೆಗೆಯುವ ಶೆಡ್ಡು. ಗಂಡ ತೀರಿಹೋದ ಮೇಲೆ ಕುದಿನೀರಿನಲ್ಲಿ ಗೂಡು ಆಡಿಸಿ ಎಳೆ ಹಿಡಿಯುವುದು ಅವರೊಬ್ಬರದೇ ಕೆಲಸ. ಟೇಕಲ್ ಕಡೆಯ ರೈತರಿಂದ ಗೂಡು ತಂದು ಹಾಕುತ್ತಿದ್ದ ಗೂಡ್ಸ್ ಆಟೋದವನು ನಾನು.

ಚೌಕಾಸಿಯಲ್ಲಿ ನನ್ನನ್ನು ಸೋಲಿಸಿದವರು ಅವರೊಬ್ಬರೇ. ಬೆಲೆ ಹೇಳಿದರೆ ಉತ್ತರದ ಬದಲು ಚಹಾ ಕೊಡುತ್ತಿದ್ದರು. ಲೋಟ ಖಾಲಿಯಾಗುವಷ್ಟರಲ್ಲಿ ನಾನೇ ಇಳಿಸಿರುತ್ತಿದ್ದೆ. ವ್ಯಾಪಾರಕ್ಕೆ ಇಳಿಯುವವರಿಗೆ ಹೇಳುತ್ತೇನೆ, ಸುಮ್ಮನಿರುವುದನ್ನು ಮೊದಲು ಕಲಿಯಿರಿ.

ಕಷ್ಟ ಬಂದದ್ದು ವಾಸನೆಯಿಂದ. ನೂಲು ತೆಗೆದ ಮೇಲೆ ಗೂಡಿನೊಳಗಿನ ಬೆಂದ ಹುಳ ಉಳಿಯುತ್ತದಲ್ಲ, ಅದು ಹಿತ್ತಲಲ್ಲಿ ರಾಶಿ ಬಿದ್ದು ಕೊಳೆಯುತ್ತಿತ್ತು. ಒಂದು ದಿನ ಗಲ್ಲಿಯವರೆಲ್ಲ ಸೇರಿ ಬಂದರು.

"ಮೂಗು ಮುಚ್ಕೊಂಡು ಊಟ ಮಾಡೋ ಹಂಗಾಗೋಯ್ತು ಚಾಚಿ. ಇದನ್ನ ನಿಲ್ಸಿ, ಇಲ್ಲಾಂದ್ರೆ ಶೆಡ್ಡಿಗೆ ಬೀಗ ಹಾಕಿಸ್ತೀವಿ."

ಶೆಡ್ಡು ಬಿಟ್ಟರೆ ಚಾಚಿಗೆ ಬೇರೆ ಅನ್ನವಿರಲಿಲ್ಲ. "ಎಲ್ಲಾದ್ರೂ ದೂರ ಸುರಿದು ಬರ್ತೀನಿ ಬಿಡಿ" ಅಂದೆ. ಅವರು ನನ್ನನ್ನು ಹಿತ್ತಲಿಗೆ ಕರೆದೊಯ್ದರು. ರಾಶಿಯ ಒಂದು ಅಂಚಿನಲ್ಲಿ ಇರುವೆಗಳು ಸಾಲುಗಟ್ಟಿ ಹುಳ ಹೊರುತ್ತಿದ್ದವು, ಗೊರವಂಕಗಳು ಹೆಕ್ಕುತ್ತಿದ್ದವು.

"ಆ ಮೂಲೆ ಮೂಸು."

"ಅಲ್ಲಿ ವಾಸನೆ ಇಲ್ವಲ್ಲ ಚಾಚಿ."

"ದೇಖೋ! ಕಾಡಲ್ಲಿ, ಕೆರೇಲಿ ದಿನಾ ಎಷ್ಟೊಂದು ಸಾಯ್ತಾವೆ. ಯಾರು ದೂರ ಸುರಿದು ಬರ್ತಾರೆ? ವಾಸನೆ ಅಂದ್ರೆ ತಿನ್ನೋರು ಇನ್ನೂ ಬಂದಿಲ್ಲ ಅಂತ ಕಣೋ. ನಿಂಗೆ ಗಾಡಿ ಇದೆ, ಬಾಯಿ ಇದೆ. ಹೋಗು, ಕರ್ಕೊಂಡು ಬಾ."

ಅಂದಂದಿನ ಹುಳ ಅಂದಂದೇ ಒಣಗಿಸಿ ಕೊಟ್ಟರು. ಶ್ರೀನಿವಾಸಪುರದ ದಾರಿಯಲ್ಲಿದ್ದ ಕೋಳಿ ಫಾರಂನವನು ಮೂಟೆ ಬಿಚ್ಚಿ ಹಿಂದೆ ಸರಿದ.

"ಏಂದಯ್ಯಾ ಇದಿ? ನನ್ ಕೋಳಿ ಸಾಯ್ಸೋಕೆ ಬಂದ್ಯಾ?"

ಕೇಳದೆ ಒಂದು ಹಿಡಿ ಎರಚಿದೆ. ಕೋಳಿಗಳು ಒಂದರ ಮೇಲೊಂದು ಬಿದ್ದವು. "ದಿನಾ ತಗೊಂಬಾ" ಅಂದ.

ಅಲ್ಲಿನ ಕೋಳಿಗೊಬ್ಬರ ಟೇಕಲ್‌ನ ಹಿಪ್ಪುನೇರಳೆ ತೋಟಕ್ಕೆ ಹೋಯಿತು. ಅಲ್ಲಿ ರೇಷ್ಮೆಹುಳ ಎಲೆ ತಿಂದು ಬಿಟ್ಟ ಕಡ್ಡಿ ಚಾಚಿಯ ಒಲೆಗೆ ಬಂತು. ಒಲೆಯ ಬೂದಿ ಮತ್ತೆ ತೋಟ ಸೇರಿತು. ನನ್ನ ಗಾಡಿ ಖಾಲಿ ಓಡುವುದೇ ನಿಂತಿತು. ಈಗ ಕೋಲಾರದಲ್ಲಿ ನನಗೊಂದು ಗೋದಾಮಿದೆ; ಕೊಳೆತ ಟೊಮ್ಯಾಟೊದಿಂದ ಮಾವಿನ ವಾಟೆಯವರೆಗೆ ಯಾರು ಏನೇ ಬಿಸಾಡಿದರೂ ಅದಕ್ಕೆ ಹಸಿದವರನ್ನು ಹುಡುಕಿಕೊಡುತ್ತೇನೆ. ಇದಕ್ಕೀಗ ವರ್ತುಲ ಆರ್ಥಿಕತೆ ಅಂತ ದೊಡ್ಡ ಹೆಸರು ಬಂದಿದೆ. ನನಗೆ ಅದು ಚಾಚಿಯ ಹಿತ್ತಲು, ಅಷ್ಟೆ.

ಗಲ್ಲಿಯವರು ಬೀಗದ ಮಾತು ಬಿಟ್ಟರು. ಆದರೆ ಹಿಪ್ಪುನೇರಳೆಯ ಹಸಿ ಕಡ್ಡಿ ಉರಿಯುವುದಕ್ಕಿಂತ ಹೊಗೆಯಾಡುವುದೇ ಹೆಚ್ಚು. ತಗ್ಗು ಶೀಟಿನ ಕೆಳಗೆ, ಒಲೆಯ ಎದುರಿಗೇ ಅವರು ಕೂರಬೇಕು. ಕೆಮ್ಮು ಹಿಡಿಯಿತು.

"ಚಿಮಣಿ ಹಾಕ್ಸೋಣ ಚಾಚಿ."

"ಹಾಕಿದ್ರೆ ಹೊಗೆ ಎಲ್ಲಿಗ್ ಹೋಗುತ್ತೆ? ಗಲ್ಲಿಗೇ ತಾನೆ? ಮತ್ತೆ ಬೀಗ ಹಿಡ್ಕೊಂಡು ಬರ್ತಾರೆ. ಬೇಡ ಬೇಟಾ, ಒಳಗೇ ಇರ್ಲಿ."

ಕಿಟಕಿಯನ್ನೂ ಮುಚ್ಚಿಕೊಂಡೇ ಕೆಲಸ ಮಾಡುತ್ತಿದ್ದರು.

ಕೋಲಾರದ ಆಸ್ಪತ್ರೆಯಲ್ಲಿ ಮೂಗಿಗೆ ಕೊಳವೆ ಇಟ್ಟು ಮಲಗಿಸಿದಾಗ ಮಾತಿಗೆ ಉಸಿರು ಸಾಲುತ್ತಿರಲಿಲ್ಲ. ಆದರೂ ನಕ್ಕರು. "ಎಲ್ಲಾದಕ್ಕೂ ನೀನು ಗಿರಾಕಿ ತಂದೆ. ಹೊಗೆಗೆ ಯಾರೂ ಸಿಗ್ಲಿಲ್ಲ ನೋಡು. ನಾನೇ ತಿಂದೆ."

ಮಾತಿನಿಂದಲೇ ಬದುಕಿದವನು ನಾನು. ಅವತ್ತು ಅವರ ಕಾಲು ಒತ್ತುತ್ತಾ ಕೂತೆ. ಆ ವಾರವೇ ಹೋಗಿಬಿಟ್ಟರು. ಖಬರಸ್ತಾನದವರೆಗೂ ಗಲ್ಲಿಯ ಗಂಡಸರೆಲ್ಲ ಹೆಗಲು ಬದಲಾಯಿಸುತ್ತಾ ಬಂದರು.

ಮದುವೆಯಾಗಿ ಮಾಲೂರಿಗೆ ಹೋಗಿದ್ದ ಚಾಚಿಯ ಮಗಳು ವಾಪಸು ಬಂದು ಶೆಡ್ಡು ತೆರೆದಾಗ, ಒಲೆ ಹಚ್ಚುವುದಕ್ಕೆ ಮೊದಲೇ ನಾನು ಚಿಮಣಿಯ ಕೊಳವೆ ತಂದು ಇಳಿಸಿದೆ. ಜಗಳಕ್ಕೆ ಸಿದ್ಧನಾಗಿಯೇ ಹೋಗಿದ್ದೆ. ಮುಂದೆ ನಿಂತು ಬೀಗದ ಮಾತಾಡಿದ್ದ ಎದುರುಮನೆಯವರು ಹೊರಗೆ ಬಂದು ಏಣಿ ಹಿಡಿದುಕೊಂಡರು. ಕೊಳವೆ ಮನೆಗಳ ತಾರಸಿ ದಾಟಿ ನಿಂತಿತು; ಇನ್ನು ಹೊಗೆ ಗಲ್ಲಿಗೆ ಇಳಿಯುವಂತಿರಲಿಲ್ಲ. ಆಮೇಲೆ ಅವರು ನನ್ನ ಮುಖ ನೋಡದೆ ಅಂದರು:

"ಇಷ್ಟೇನಾ? ಒಂದ್ ಮಾತು ಕೇಳಿದ್ದಿದ್ರೆ ಆವತ್ತೇ ಏಣಿ ಹಿಡೀತಿದ್ವಲ್ಲೋ."