ತಂಬಿಗೆಯಷ್ಟು ಸೂರ್ಯ, ಸೂಜಿಮೊನೆಯಷ್ಟು ಬುಧ

ಸೋಮವಾರ ಬೆಳಗ್ಗೆ ಎದ್ದು ಅಂಗಳಕ್ಕೆ ನೀರು ಹಾಕಿದೆ. ರಂಗೋಲಿ ಎಳೆದೆ. ಹಂಡೆ ಒಲೆಗೆ ಉರಿ ಕೊಟ್ಟೆ. ಮೊಸರಿನ ಪಾತ್ರೆಯ ಮುಚ್ಚಳ ತೆಗೆದು ನೋಡಿದೆ (ಹುಳಿ. ಮೇ ತಿಂಗಳಲ್ಲಿ ಇನ್ನೇನಾದೀತು?). ಡಿಕಾಕ್ಷನ್ ಇಳಿಸಿದೆ. ನಮ್ಮವರ ಆಫೀಸಿನ ಶರಟಿಗೆ ಬಿದ್ದುಹೋಗಿದ್ದ ಗುಂಡಿ ಹೊಲಿದೆ. ಆಮೇಲೆ ಅದೇ ಸೂಜಿಯನ್ನು ತೆಗೆದುಕೊಂಡು ತಾರಸಿ ಹತ್ತಿ, ಸೂರ್ಯನನ್ನು ಹಿಡಿದು ಕಾಗದದ ಮೇಲೆ ಕೂರಿಸಿದೆ.

ಕೊನೆಯದು ದಿನಾ ಮಾಡುವ ಕೆಲಸವಲ್ಲ.

ಅವತ್ತು ಬುಧಗ್ರಹ ಸೂರ್ಯನ ಮುಂದೆ ಹಾದುಹೋಗುವುದಿತ್ತು. ನಿಮ್ಮಲ್ಲಿ ಎಷ್ಟು ಜನ ನೋಡಿದಿರೋ ಕಾಣೆ. ಪೇಪರಿನ ಮೂಲೆಯಲ್ಲಿ ನಾಲ್ಕು ಸಾಲು ಬಂದಿತ್ತು, ಅಷ್ಟೆ. ಹೋದ ತಿಂಗಳು ಬಂದ ನಯಾಪೈಸೆ ನಾಣ್ಯದ ಗಲಾಟೆಯಲ್ಲಿ ಬುಧನನ್ನು ಕೇಳುವವರು ಯಾರು? ಸೂರ್ಯ ಹುಟ್ಟುವ ಮೊದಲೇ ಶುರುವಾಗಿ ಎಂಟು ಗಂಟೆಯ ಹೊತ್ತಿಗೆ ಮುಗಿಯುತ್ತದೆ ಎಂದಿತ್ತು. ಆ ನಾಲ್ಕು ಸಾಲನ್ನು ನಾನು ಮಾವನವರಿಗೆ ಓದಿ ಹೇಳಿದ್ದೆ. ಅವರು ಇನ್ನೊಂದು ಸಲ ಓದಿಸಿದರು. ಮತ್ತೊಂದು ಸಲ ಓದಿಸಿದರು.

ನಮ್ಮ ಮಾವನವರು ಮಿಡ್ಲ್ ಸ್ಕೂಲಿನಲ್ಲಿ ಭೂಗೋಳ ಹೇಳಿಕೊಟ್ಟು ನಿವೃತ್ತರಾದವರು. ಹೊಸದಾಗಿ ಮೇಷ್ಟ್ರಾಗಿದ್ದಾಗ, ಊರಿಗೆ ಬಂದಿದ್ದ ಯಾರೋ ಪುಣ್ಯಾತ್ಮರು ಸ್ಕೂಲಿನ ಮೈದಾನದಲ್ಲಿ ದೂರದರ್ಶಕ ಇಟ್ಟು ಬುಧ ದಾಟುವುದನ್ನು ತೋರಿಸಿದ್ದರಂತೆ. ಮುಂದಿನ ಸಲ ನವೆಂಬರ್ ಮೋಡ ಮುಚ್ಚಿಕೊಂಡು ಏನೂ ಕಾಣಲಿಲ್ಲವಂತೆ. ಈಗ ಆಕಾಶ ಚೆನ್ನಾಗಿದೆ, ಮಾವನವರ ಕಣ್ಣು ಹೋಗಿದೆ. ನರ ಒಣಗಿದೆ, ಆಪರೇಷನ್ ಮಾಡಿ ಫಲವಿಲ್ಲ ಎಂದು ಡಾಕ್ಟರು ಕೈಚೆಲ್ಲಿ ಮೂರು ವರ್ಷವಾಯಿತು. ಬೆಳಕು ಯಾವ ಕಡೆ, ಕತ್ತಲು ಯಾವ ಕಡೆ ಎಂದು ತಿಳಿಯುತ್ತದೆ. ಅದರಾಚೆ ಇಲ್ಲ.

"ಮತ್ತೆ ನಮ್ಮ ದೇಶಕ್ಕೆ ಕಾಣೋ ಹಾಗೆ ಹೋಗೋದಕ್ಕೆ ಹದಿಮೂರು ವರ್ಷ ಬೇಕು ಸರೋಜಾ," ಎಂದರು. "ನನಗೀಗ ಎಪ್ಪತ್ತೆರಡು. ಕೂಡೋ ಲೆಕ್ಕ ನೀನೇ ಮಾಡ್ಕೋ."

ನಾನು ಮಾಡಲಿಲ್ಲ.

"ಕಾಣದಿದ್ರೆ ಪರವಾಗಿಲ್ಲ. ಅವನು ಹೋಗೋದು ನನಗೆ ತಿಳೀಬೇಕು. ಆದ್ರೆ ಹೇಳೋವ್ರು ಕಂಡದ್ದನ್ನೇ ಹೇಳ್ಬೇಕು."

ಆ ಕೊನೆಯ ಮಾತು ಬುಧನ ಬಗ್ಗೆ ಅಲ್ಲ ಎಂದು ನನಗೆ ಗೊತ್ತಿತ್ತು.

ಕಣ್ಣು ಕಾಣದವರು ಒಬ್ಬರು ಮನೆಯಲ್ಲಿದ್ದರೆ ಉಳಿದವರಿಗೆ ಒಂದು ಚಟ ಅಂಟುತ್ತದೆ. ಒಳ್ಳೆಯ ಮನಸ್ಸಿನಿಂದಲೇ ಅಂಟುತ್ತದೆ. ನಾನು ಅವರಿಗೆ ದಿನಾ ಪೇಪರ್ ಓದುತ್ತೇನೆ. ನಿಧನವಾರ್ತೆಯಲ್ಲಿ ಅವರ ಪರಿಚಯದವರ ಹೆಸರು ಬಂದರೆ ದಾಟಿಸಿಬಿಡುತ್ತೇನೆ. (ಇದು ನಮ್ಮವರ ಅಪ್ಪಣೆ. "ಸುಮ್ನೆ ಯಾಕೆ ನೋಯಿಸ್ತೀಯಾ?") ನಮ್ಮ ಮನೆ ಮುಂದೆ ಬಳ್ಳಾರಿ ರಸ್ತೆಯ ಕಡೆಗೆ ಒಂದು ದೊಡ್ಡ ಹೊಂಗೆ ಮರವಿತ್ತು. ಮಾವ ದಿನಾ ಬೆಳಗ್ಗೆ ಜಗಲಿಯ ಮೇಲೆ ಅದರ ನೆರಳಿಗೆ ಕೂರುತ್ತಿದ್ದರು. ಕಳೆದ ದೀಪಾವಳಿಯ ಹೊತ್ತಿಗೆ, ಅವರು ಮಗಳ ಮನೆಗೆ ಹೋಗಿದ್ದಾಗ, ರಸ್ತೆ ಅಗಲ ಮಾಡುವವರು ಅದನ್ನು ಕಡಿದುಹಾಕಿದರು. ನಾವು ಹೇಳಲಿಲ್ಲ. ಯುಗಾದಿ ಕಳೆದ ಮೇಲೆ ಒಂದು ದಿನ, "ಯಾಕೋ ಈ ವರ್ಷ ಹೊಂಗೆ ಹೂವಿನ ವಾಸನೆಯೇ ಇಲ್ಲವಲ್ಲ?" ಎಂದು ಕೇಳಿದರು. "ಈ ಸಲ ಹೂವು ಕಡಿಮೆ ಅಣ್ಣಾ," ಎಂದರು ನಮ್ಮವರು. (ಅಪ್ಪನನ್ನು ಅಣ್ಣ ಎನ್ನುವುದು ಅವರ ರೂಢಿ.) ಆಮೇಲೆ ಮಾವ ಯಾವುದನ್ನೂ ಹೆಚ್ಚಾಗಿ ಕೇಳುವುದನ್ನೇ ಬಿಟ್ಟರು.

ಹಾಗಿರುವಾಗ ಬುಧನನ್ನು ತಿಳಿಸುವುದು ಹೇಗೆ?

ಕಸೂತಿ ಹಾಕುವವರಿಗೆ ಗೊತ್ತಿರುತ್ತದೆ. ಒಂದು ಚಿತ್ರವನ್ನು ಬಟ್ಟೆಗೆ ಇಳಿಸಬೇಕಾದರೆ, ಕಾಗದದ ಕೆಳಗೆ ಕಂಬಳಿ ಮಡಿಸಿಟ್ಟು, ಗೆರೆಯ ಉದ್ದಕ್ಕೂ ಸೂಜಿಯಿಂದ ಚುಚ್ಚುತ್ತೇವೆ. ಆಮೇಲೆ ಸೀಮೆಎಣ್ಣೆಯಲ್ಲಿ ನೀಲಿ ಕಲಸಿ ಒರೆಸಿದರೆ ತೂತುಗಳ ಮೂಲಕ ಚಿತ್ರ ಬಟ್ಟೆಗೆ ಇಳಿಯುತ್ತದೆ. ಹಾಗೆ ಚುಚ್ಚಿದ ಕಾಗದವನ್ನು ತಿರುವಿ ಸವರಿದರೆ ಹಿಂದುಗಡೆ ಸಾಲಾಗಿ ತರಿತರಿ ಸಿಗುತ್ತದೆ. ಕಣ್ಣುಮುಚ್ಚಿಕೊಂಡು ಹೂವೋ ಬಳ್ಳಿಯೋ ಹೇಳಬಹುದು.

ಮಾವನಿಗೆ ಹೇಳಿದೆ. "ಬುಧ ಇರೋ ಕಡೆ ಆಗಾಗ ಒಂದೊಂದು ತೂತು ಚುಚ್ತಾ ಹೋಗ್ತೀನಿ. ಆಮೇಲೆ ನೀವು ಮುಟ್ಟಿ ನೋಡಿ."

ಅವರು ಗೋಡೆ ಹಿಡಿದುಕೊಂಡು ಎದ್ದು ನಿಂತರು. ಆಮೇಲೆ, "ನನ್ನ ಕೋಟು ಪೇಟ ಎಲ್ಲಿದೆ?" ಎಂದರು.

ದುರ್ಬೀನು ಪಕ್ಕದ ಮನೆಯ ಶೇಷಗಿರಿರಾಯರದು. ಅದು ಅವರಲ್ಲಿ ಯಾಕಿದೆ ಎಂದು ನಾನು ಬರೆಯುವುದಿಲ್ಲ. (ಶನಿವಾರ ಮಧ್ಯಾಹ್ನ ಅವರು ಬಸ್ಸು ಹತ್ತಿ ಎಲ್ಲಿಗೆ ಹೋಗುತ್ತಾರೆಂದು ಹೆಬ್ಬಾಳಕ್ಕೆಲ್ಲ ಗೊತ್ತು. ಅವರ ಮನೆಯಾಕೆಗೂ ಗೊತ್ತು.)

"ಕುದುರೆ ನೋಡೋ ದುರ್ಬೀನಲ್ಲಿ ಗ್ರಹ ನೋಡೋ ಯೋಗ ಬಂತಲ್ಲ ಮೇಷ್ಟ್ರೇ!" ಎನ್ನುತ್ತ ಬಂದರು.

"ಇದೂ ರೇಸೇ ರಾಯರೇ," ಎಂದರು ಮಾವ. "ಇಲ್ಲಿ ನಿಮ್ಮ ದುಡ್ಡು ಹೋಗಲ್ಲ, ಅಷ್ಟೆ."

ದುರ್ಬೀನಿನಲ್ಲಿ ಸೂರ್ಯನನ್ನು ನೇರವಾಗಿ ನೋಡಬಾರದು. ನೋಡಿದರೆ ಕಣ್ಣೇ ಹೋಗುತ್ತದೆ. ಎರಡು ಕೊಳವೆಗಳಲ್ಲಿ ಒಂದಕ್ಕೆ ಬಟ್ಟೆ ತುರುಕಿ, ದುರ್ಬೀನನ್ನು ಏಣಿಗೆ ಕಟ್ಟಿ, ಸೂರ್ಯನ ಕಡೆ ತಿರುಗಿಸಿದೆವು. ಹಿಂದುಗಡೆ ಕಾಗದ ಹಿಡಿದರೆ ಸೂರ್ಯ ಅದರ ಮೇಲೆ ಬೆಳ್ಳಗೆ ಬಂದು ಕೂತ. ನಾನು ತಂಬಿಗೆಯ ಬಾಯಿ ಒತ್ತಿ ಪೆನ್ಸಿಲಿನಲ್ಲಿ ಒಂದು ಸುತ್ತು ಬರೆದಿಟ್ಟಿದ್ದೆ. ಸೂರ್ಯ ಆ ಸುತ್ತಿನೊಳಗೆ ಸರಿಯಾಗಿ ಕೂರುವಂತೆ ಕಾಗದವನ್ನು ಹಿಂದೆ ಮುಂದೆ ಮಾಡಿಕೊಂಡೆವು. ಅವನು ಸರಿದಂತೆಲ್ಲ ದುರ್ಬೀನನ್ನು ಸರಿಸುವುದು ನಮ್ಮವರ ಕೆಲಸ. ಕಾಗದಕ್ಕೆ ಕೊಡೆಯ ನೆರಳು ಹಿಡಿಯುವುದು ರಾಯರ ಕೆಲಸ. ಸೂಜಿ ನನ್ನದು. ಹೊತ್ತು ಅಳೆಯುವುದು ಮಾವನದು. ಕೋಟು ಪೇಟ ಹಾಕಿಕೊಂಡು, ಇನ್ಸ್‌ಪೆಕ್ಟರು ಬರುವ ದಿನದ ಹಾಗೆ ಕುರ್ಚಿಯಲ್ಲಿ ನೆಟ್ಟಗೆ ಕೂತು, ಮುಖವನ್ನು ಬಿಸಿಲಿಗೆ ಕೊಟ್ಟು, ಬೆಳಗಿನ ಸ್ತೋತ್ರ ಹೇಳುತ್ತಿದ್ದರು. ಒಂದು ಸಲ ಮುಗಿದರೆ "ಹ್ಞೂಂ" ಎನ್ನುವರು. ನಾನು ಒಂದು ತೂತು ಚುಚ್ಚಬೇಕು.

ಅಷ್ಟರಲ್ಲಿ ಹಾಲಿನ ಮುನಿಯಮ್ಮ ಕೆಳಗಿನಿಂದ ಕೂಗಿದಳು. ಅಮೃತಹಳ್ಳಿಯಿಂದ ಬರುತ್ತಾಳೆ.

"ಅಮ್ಮಾವ್ರೇ, ಸೂರ್ಯಂಗೇನೋ ಅಡ್ಡ ಬತ್ತದಂತೆ? ಆಲು ಆಕ್ಲಾ, ಗ್ರಾಣ ಬುಡೋಗಂಟ ಕಾಯ್ಲಾ?"

ನಮ್ಮವರೂ ಹಿಂದಿನ ದಿನ ಪಂಚಾಂಗ ತಿರುವಿ ಹಾಕಿದ್ದರು. ಅದರಲ್ಲಿ ಇದರ ಸುದ್ದಿಯೇ ಇರಲಿಲ್ಲ. ಸ್ನಾನ ಯಾವಾಗ, ಊಟ ಯಾವಾಗ, ದರ್ಭೆ ಹಾಕಬೇಕೋ ಬೇಡವೋ, ಒಂದೂ ಇಲ್ಲ. ಏನು ಮಾಡಬೇಕೆಂದು ಹಿರಿಯರು ಹೇಳಿಡದ ಒಂದು ದಿನ ಬಂದರೆ ನಾವೆಲ್ಲ ಎಷ್ಟು ಪೇಚಾಡುತ್ತೇವೆ, ನೋಡಿ.

"ಗ್ರಹಣ ಅಲ್ಲ ಕಣಮ್ಮ," ಎಂದರು ಮಾವ. "ಬುಧ ಸೂರ್ಯನ ಮನೆ ಮುಂದೆ ಹಾದುಹೋಗ್ತಾನೆ, ಅಷ್ಟೆ."

"ಓಗ್ಲಿ ಬುಡಿ. ದಾರಿ ಏನು ಯಾರಪ್ಪಂದು?" ಎಂದು ಮುನಿಯಮ್ಮ ಹಾಲು ಹಾಕಿ, ತಾನೂ ಮೇಲೆ ಬಂದಳು.

"ನಡುವೆ ನೋಡಿ," ಎಂದು ಮಾವ ಮೊದಲೇ ಹೇಳಿದ್ದರು. "ನಾನು ಕಂಡಾಗ ನಟ್ಟನಡುವೆ ಹೋದ." ನಡುವೆ ನೋಡಿದೆವು. ಇತ್ತು! ಕಪ್ಪಗೆ, ಸ್ಪಷ್ಟವಾಗಿ ಒಂದು ಚುಕ್ಕಿ.

"ಅಗೋ ಮೇಷ್ಟ್ರೇ! ಸಿಕ್ಕಿಬಿದ್ದ!" ಎಂದು ರಾಯರು ಕೊಡೆಯನ್ನೇ ಅಲ್ಲಾಡಿಸಿದರು.

"ಇದಕ್ಕಾ ಇಷ್ಟೊಂದ್ ಸಡಗರ?" ಎಂದಳು ಮುನಿಯಮ್ಮ. "ನೊಣ ಕುಂತಂಗೈತೆ."

ಮಾವನ ಮುಖ ಅರಳಿತು. ಹ್ಞೂಂ ಎಂದಾಗ ಚುಚ್ಚಿದೆ. ಮತ್ತೊಂದು ಹ್ಞೂಂ. ಮತ್ತೊಂದು. ನಾಲ್ಕನೆಯದು ಆದ ಮೇಲೆ ಅವರು ಕೈ ಚಾಚಿದರು. "ಎಲ್ಲಿ, ಕೊಡು ನೋಡೋಣ."

ಕಾಗದ ತಿರುವಿ ಕೊಟ್ಟೆ. ಬೆರಳು ಸವರಿತು. ನಿಂತಿತು. ಹಿಂದೆ ಹೋಯಿತು, ಮತ್ತೆ ಅಲ್ಲಿಗೇ ಬಂತು.

"ಎಷ್ಟು ಸಲ ಚುಚ್ಚಿದೆ ಸರೋಜಾ?"

"ನಾಲ್ಕು ಸಲ ಮಾವ."

"ಇರೋದು ಒಂದೇ ತೂತು. ದೊಡ್ಡದಾಗಿದೆ, ಅಷ್ಟೆ." ಕಾಗದವನ್ನು ವಾಪಸು ಚಾಚಿದರು. "ಇದು ಬುಧ ಅಲ್ಲಮ್ಮ. ಬುಧ ನಿಲ್ಲೋವನಲ್ಲ. ಇದು ಸೂರ್ಯನ ಮೈಮೇಲಿನ ಕಲೆ. ಈ ವರ್ಷ ಕಲೆ ಜಾಸ್ತಿ ಅಂತ ನೀನೇ ಓದಿದ್ದೆ."

ನಾಲ್ಕು ಜನ, ಎಂಟು ಕಣ್ಣು. ಅರ್ಧ ಗಂಟೆಯಿಂದ ಅಲ್ಲಾಡದೆ ಕೂತಿದ್ದ ಒಂದು ಚುಕ್ಕಿಯನ್ನು "ಹೋಗ್ತಿದೆ, ಹೋಗ್ತಿದೆ" ಎಂದು ಹೊಗಳುತ್ತಿದ್ದೆವು!

"ತಪ್ಪು ನನ್ನದೇ," ಎಂದರು ಮಾವ. "ಹೋದ ಸಲ ನಡುವೆ ಹೋದವನು ಈ ಸಲವೂ ನಡುವೆಯೇ ಹೋಗ್ಬೇಕು ಅಂತ ಏನಿದೆ? ಅಂಚು ನೋಡಿ. ಹೊತ್ತಾಯ್ತು. ಬೇಗ ನೋಡಿ."

ಹೊಸ ಕಾಗದ ಹಾಕಿ ಅಂಚನ್ನು ಸುತ್ತಲೂ ಹುಡುಕಿದೆವು. ಮೊದಲು ಕಂಡವರು ನಮ್ಮವರು. ಸೂಜಿಮೊನೆಯಷ್ಟು. ಕಲೆಗಿಂತ ಎಷ್ಟೋ ಚಿಕ್ಕದು, ಕಲೆಗಿಂತ ಕಪ್ಪು, ಅಚ್ಚುಕಟ್ಟಾಗಿ ದುಂಡಗೆ. ಸೂರ್ಯನ ಅಂಚನ್ನು ಸವರಿಕೊಂಡು, ಯಾರಿಗೂ ತೊಂದರೆ ಕೊಡದವನ ಹಾಗೆ ಹೋಗುತ್ತಿದ್ದ. ಈ ಸಲ ನಾವು ಯಾರೂ ಕೂಗಲಿಲ್ಲ. ಹ್ಞೂಂ, ಚುಚ್ಚಿದೆ. ಹ್ಞೂಂ, ಚುಚ್ಚಿದೆ. ಒಂದು ಸಾಸಿವೆ ಕಾಳಿನಷ್ಟು ಮುಂದೆ ಹೋಗಿತ್ತು.

ಮೂರನೆಯ ತೂತು ಆಯಿತು. ಮೋಡ ಬಂತು.

ಕಾಗದದ ಮೇಲಿನ ಸೂರ್ಯ ಮಂಕಾಗಿ ಅಳಿಸಿಹೋದ. ಎಲ್ಲರೂ ಮೇಲೆ ನೋಡಿದೆವು. ಸಣ್ಣ ಮೋಡವೇ, ಆದರೆ ಅವಸರವಿಲ್ಲದ ಮೋಡ. ಮಾವ ಸ್ತೋತ್ರ ನಿಲ್ಲಿಸಲಿಲ್ಲ. ಮುಗಿಸಿ "ಹ್ಞೂಂ" ಎಂದರು.

ರಾಯರು ನನ್ನ ಕಿವಿಯ ಹತ್ತಿರ ಬಗ್ಗಿದರು. "ಚುಚ್ಚಿಬಿಡಿ ಅಮ್ಮ. ಸಾಲು ಪೂರ್ತಿಯಾಗ್ಲಿ. ಹಿರಿಯರಿಗೆ ಸಮಾಧಾನ."

ನಮ್ಮವರ ಮುಖ ನೋಡಿದೆ. ಅವರೂ ಹೂಂ ಎಂಬಂತೆ ತಲೆಯಾಡಿಸಿದರು.

ಎಲ್ಲಿ ಚುಚ್ಚಬೇಕೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಇನ್ನೊಂದು ಸಾಸಿವೆ ಕಾಳಿನಷ್ಟು ಮುಂದೆ. ಕೈಯಲ್ಲಿ ಸೂಜಿ ಇತ್ತು. ಬುಧ ಇದ್ದದ್ದೂ ಸುಮಾರು ಅಲ್ಲಿಯೇ ಇರಬೇಕು. ಯಾರಿಗೆ ಏನು ನಷ್ಟ? ಹೂವು ಕಡಿಮೆ ಎಂದವರಿಗೆ ಒಂದು ತೂತು ಹೆಚ್ಚೇ?

ನಾನು ಸೂಜಿಯನ್ನು ಸೆರಗಿಗೆ ಸಿಕ್ಕಿಸಿಕೊಂಡೆ. ದೊಡ್ಡ ಗುಣದಿಂದ ಅಂತ ತಿಳಿಯಬೇಡಿ. ನಾಲ್ಕು ಚುಚ್ಚಿಗೆ ಒಂದೇ ತೂತು ಎಂದು ಪತ್ತೆಹಚ್ಚಿದ ಆ ಬೆರಳಿಗೆ ಹೆದರಿದೆನೋ ಏನೋ. ಅವರ ಇನ್ನೊಂದು "ಹ್ಞೂಂ" ಕೂಡ ಹಾಗೆಯೇ ಹೋಯಿತು.

ಮೋಡ ಸರಿಯಿತು. ಸೂರ್ಯ ತಂಬಿಗೆಯ ಸುತ್ತಿಗೆ ವಾಪಸು ಬಂದ. ಬುಧ ಇನ್ನೂ ಇದ್ದ, ಮುಂದೆ ಹೋಗಿದ್ದ. ನಾಲ್ಕು ತೂತು ಹಾಕಿದೆ. ಐದನೆಯದಕ್ಕೆ ಅವನು ಅಂಚಿಗೆ ತಾಗಿಕೊಂಡಿದ್ದ. ಮಾವ ಮತ್ತೆ ಹ್ಞೂಂ ಎನ್ನುವಷ್ಟರಲ್ಲಿ ಅಲ್ಲಿ ಏನೂ ಇರಲಿಲ್ಲ.

"ಹೋದ ಮಾವ," ಎಂದೆ.

ಕಾಗದ ತಿರುವಿ ಅವರ ತೊಡೆಯ ಮೇಲಿಟ್ಟೆ. ಪೇಟ ತೆಗೆದು ಪಕ್ಕಕ್ಕಿಟ್ಟು, ತೋರುಬೆರಳನ್ನು ಮೊದಲ ತೂತಿನ ಮೇಲೆ ಇಟ್ಟರು. ಒಂದು, ಎರಡು, ಮೂರು. ಅಲ್ಲಿ ನಿಂತರು. ಬೆರಳು ಬರಿಯ ಕಾಗದದ ಮೇಲೆ ಹೋಯಿತು, ಬಂತು.

"ಇಲ್ಲೇನಾಯ್ತು?"

"ಮೋಡ ಬಂತು ಮಾವ. ಕಾಣ್ಲಿಲ್ಲ. ಅದಕ್ಕೇ ಚುಚ್ಲಿಲ್ಲ."

"ನನಗೂ ಗೊತ್ತಾಯ್ತು. ಮುಖ ತಣ್ಣಗಾಯ್ತಲ್ಲ. ನೀನು ಚುಚ್ತೀಯೋ ಇಲ್ಲವೋ ಅಂತಲೇ ಹ್ಞೂಂ ಅಂದೆ." ಬೆರಳು ಆ ಖಾಲಿ ಜಾಗವನ್ನು ದಾಟಿ ಮುಂದಿನ ತೂತುಗಳ ಮೇಲೆ ನಿಧಾನವಾಗಿ ನಡೆದು ಅಂಚಿಗೆ ಹೋಯಿತು. "ಹಾಗಾದ್ರೆ ಉಳಿದದ್ದೆಲ್ಲ ನಿಜ."

ರಾಯರು ಕೊಡೆ ಮಡಿಸುವುದರಲ್ಲಿ ಬಹಳ ಹೊತ್ತು ಕಳೆದರು. ನಮ್ಮವರು ಆಫೀಸಿಗೆ ಹೊತ್ತಾಯಿತೆಂದು ಇಳಿದುಹೋದರು. ಮೆಟ್ಟಿಲ ಮೇಲೆ ಒಂದು ಸಲ ನಿಂತದ್ದು ಕೇಳಿಸಿತು. ಆಮೇಲೆ ಇಳಿದರು.

ಮಾವ ಮೂರು ಸಲ, ಐದು ಸಲ, ಎಷ್ಟು ಸಲವೋ ಆ ಸಾಲನ್ನು ಓದಿದರು. ನಾನು ಪಕ್ಕದಲ್ಲೇ ಕೂತಿದ್ದೆ. ಹೇಳಬೇಕೆಂದುಕೊಂಡಿರಲಿಲ್ಲ, ಬಾಯಿಂದ ಬಂದುಬಿಟ್ಟಿತು.

"ಮಾವ, ಹೊಂಗೆ ಮರ ಕಡಿದುಬಿಟ್ರು."

"ಗೊತ್ತು."

"ಯಾರು ಹೇಳಿದ್ರು?"

"ಯಾರು ಹೇಳ್ಬೇಕು? ಎಂಟು ಗಂಟೆಗೆಲ್ಲ ಜಗಲಿ ಸುಡುತ್ತೆ." ಪೇಟವನ್ನು ತಡಕಿ ತೆಗೆದುಕೊಳ್ಳುತ್ತ ಕೇಳಿದರು, "ಬುಡ ಸಮೇತ ತೆಗೆದ್ರೋ, ಮೋಟು ಬಿಟ್ಟಿದ್ದಾರೋ?"

"ಮೋಟು ಇದೆ."

"ಚಿಗುರಿದೆಯಾ?"

ಎದ್ದು ಹೋಗಿ ತಾರಸಿಯ ಅಂಚಿನಿಂದ ಬಗ್ಗಿ ನೋಡಿದೆ. ಹೌದೆಂದು ಬಿಡುವುದು ಎಷ್ಟು ಸುಲಭವಿತ್ತು!

"ಇಲ್ಲ ಮಾವ."

"ಹ್ಞೂಂ," ಎಂದರು. ಚುಚ್ಚು ಎಂದು ಹೇಳುತ್ತಿದ್ದ ಅದೇ ಹ್ಞೂಂ.

ಕೆಳಗೆ ಬಂದ ಮೇಲೆ ಪೇಪರ್ ಓದಿದೆ. ಒಂದು ಕಾಲಮನ್ನೂ ದಾಟಿಸಲಿಲ್ಲ. ನಿಧನವಾರ್ತೆಯಲ್ಲಿ ಅವರ ಪರಿಚಯದವರು ಯಾರೂ ಇರಲಿಲ್ಲ. ಇದ್ದಿದ್ದರೆ ಓದುತ್ತಿದ್ದೆನೇ ಎಂದು ಕೇಳಿದರೆ, ಓದುತ್ತಿದ್ದೆ ಎಂದುಕೊಳ್ಳುತ್ತೇನೆ.

ಮಧ್ಯಾಹ್ನ ಮಾವಿನಕಾಯಿ ಚಿತ್ರಾನ್ನ, ಹುಳಿಯಾದ ಮೊಸರಿಗೆ ನೀರು ಬೆರೆಸಿ ಮಜ್ಜಿಗೆ, ಬಾಳಕದ ಮೆಣಸಿನಕಾಯಿ. ಮಾವ ಎರಡು ಸಲ ಚಿತ್ರಾನ್ನ ಬಡಿಸಿಕೊಂಡರು. ಹಗಲೂ ಇರುಳೂ ಒಂದೇ ಆಗಿ ನಿದ್ದೆಯೇ ಬರುವುದಿಲ್ಲ ಎಂದು ಮೂರು ವರ್ಷದಿಂದ ಗೊಣಗುತ್ತಿದ್ದವರು, ನಾನು ಎಲೆ ಎತ್ತುವ ಮೊದಲೇ ಚಾಪೆಯ ಮೇಲೆ ಹೊರಳಿ, ಕಾಗದವನ್ನು ಎದೆಯ ಮೇಲಿಟ್ಟುಕೊಂಡು ನಿದ್ದೆ ಹೋದರು. ಗೊರಕೆ ಅಡಿಗೆಮನೆಗೆ ಕೇಳಿಸುತ್ತಿತ್ತು. ನಾನು ಎಚ್ಚರವಾಗಿಯೇ ಮಲಗಿದ್ದೆ.

ಇಷ್ಟು ದಿನ ನಾವು ಮಣ್ಣೆರಚಿಕೊಂಡು ಬಂದದ್ದು ಯಾರ ಕಣ್ಣಿಗೆ?